ಅಂಗಾಂಗ ದಾನಕ್ಕೆ ಹೆಸರು ಬರೆಸುವ ಮುನ್ನ ಮತ್ತು ಬರೆಸಿದ ಮೇಲೆ: ಹದಿನೆಂಟು ದಾಟಿದವರಿಗೊಂದು ಮಾರ್ಗದರ್ಶಿ

'ಅಂಗಾಂಗ ದಾನಕ್ಕೆ ಎಲ್ಲಿ ಸೈನ್ ಮಾಡಬೇಕು?' ಕಾಲೇಜು ಮುಗಿಸುತ್ತಿರುವ, ಹೊಸದಾಗಿ ಕೆಲಸಕ್ಕೆ ಸೇರಿದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸೈನ್ ಮಾಡುವುದು ಐದು ನಿಮಿಷದ ಕೆಲಸ, ಮೊಬೈಲ್‌ನಲ್ಲೇ ಮುಗಿಯುತ್ತದೆ. ಕಷ್ಟ ಇರುವುದು ಬೇರೆ ಕಡೆ. ಆ ಅರ್ಜಿ ಉಪಯೋಗಕ್ಕೆ ಬರುವ ದಿನ ನೀವು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಐಸಿಯು ಹೊರಗೆ, ರಾತ್ರಿ ಎರಡು ಗಂಟೆಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ ಅಪ್ಪನೋ ಅಮ್ಮನೋ ಅಣ್ಣನೋ ಇನ್ನೊಂದು ಅರ್ಜಿಗೆ ಸಹಿ ಹಾಕಬೇಕಾಗುತ್ತದೆ. ಅವರಿಗೆ ನಿಮ್ಮ ಮನಸ್ಸು ಗೊತ್ತಿರದಿದ್ದರೆ ಪೆನ್ನು ಮೇಲೇಳುವುದಿಲ್ಲ. ಹಾಗಾಗಿ ಈ ಬರಹದ ಅರ್ಧ ಭಾಗ ಅರ್ಜಿಯ ಬಗ್ಗೆ, ಇನ್ನರ್ಧ ಆ ಕುರ್ಚಿಯಲ್ಲಿ ಕೂರುವವರ ಬಗ್ಗೆ.

ಇಲ್ಲಿ ಹೇಳುವುದೆಲ್ಲ ಭಾರತದ ಕಾನೂನಿಗೆ ಸೇರಿದ್ದು: 1994ರ ಮಾನವ ಅಂಗಾಂಗ ಕಸಿ ಕಾಯ್ದೆ, 2011ರಲ್ಲಿ ಅದಕ್ಕೆ ಆದ ತಿದ್ದುಪಡಿ ಮತ್ತು 2014ರ ನಿಯಮಗಳು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು 'ಜೀವಸಾರ್ಥಕತೆ'. ದೇಶದ ಮಟ್ಟದಲ್ಲಿ ದೆಹಲಿಯ ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆ ಇದೆ. ಎಲ್ಲರೂ ಅದನ್ನು 'ನೊಟ್ಟೊ' ಎನ್ನುತ್ತಾರೆ.

ಹಂತ 1: ಯಾವ ಸಾವಿನಲ್ಲಿ ಏನು ಕೊಡಬಹುದು, ತಿಳಿದುಕೊಳ್ಳಿ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ಎರಡು ಹೆಸರು ಹೇಳಿದರೆ ಬೇಗ ಅರ್ಥವಾಗುತ್ತದೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದರು. ಮೆದುಳು ನಿಷ್ಕ್ರಿಯವಾದ ಮೇಲೆ ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಅದೇ ವರ್ಷದ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದಾನವಾದದ್ದು ಕಣ್ಣು ಮಾತ್ರ. ಮನಸ್ಸು ಇಬ್ಬರ ಮನೆಯವರದ್ದೂ ದೊಡ್ಡದೇ. ವ್ಯತ್ಯಾಸ ಇದ್ದದ್ದು ಸಾವಿನ ಬಗೆಯಲ್ಲಿ.

ಹೃದಯ ನಿಂತು ಸಾವು ಬಂದಾಗ ರಕ್ತಸಂಚಾರವೂ ನಿಲ್ಲುತ್ತದೆ. ಕಿಡ್ನಿ, ಲಿವರ್, ಹೃದಯದಂಥ ಅಂಗಗಳು ಆಮ್ಲಜನಕವಿಲ್ಲದೆ ನಿಮಿಷಗಳಲ್ಲಿ ಕೆಡಲು ಶುರುವಾಗುತ್ತವೆ. ಆಗ ಕೊಡಲು ಉಳಿಯುವುದು ಅಂಗಾಂಶಗಳು, ಅಂದರೆ ರಕ್ತ ನಿಂತ ಮೇಲೂ ಕೆಲವು ಗಂಟೆ ತಾಳಿಕೊಳ್ಳುವ ಭಾಗಗಳು: ಕಣ್ಣಿನ ಕಾರ್ನಿಯಾ, ಚರ್ಮ, ಮೂಳೆ, ಹೃದಯದ ಕವಾಟ.

ತಲೆಗೆ ಬಲವಾದ ಪೆಟ್ಟು ಬಿದ್ದಾಗ, ಮೆದುಳಿನಲ್ಲಿ ದೊಡ್ಡ ರಕ್ತಸ್ರಾವವಾದಾಗ ಬೇರೆಯದೇ ಸ್ಥಿತಿ ಬರಬಹುದು. ಉಸಿರಾಟವನ್ನು ನಡೆಸುವ ಮೆದುಳುಕಾಂಡ ಸತ್ತುಹೋಗಿರುತ್ತದೆ, ಆದರೆ ವೆಂಟಿಲೇಟರ್ ಗಾಳಿ ತಳ್ಳುತ್ತಿರುವುದರಿಂದ ಹೃದಯ ಇನ್ನೂ ಬಡಿಯುತ್ತಿರುತ್ತದೆ. ಹೃದಯಕ್ಕೆ ತನ್ನದೇ ಮಿಡಿತ ಹುಟ್ಟಿಸುವ ಜೀವಕೋಶಗಳಿವೆ, ಮೆದುಳಿನ ಅಪ್ಪಣೆ ಅದಕ್ಕೆ ಬೇಕಿಲ್ಲ. ಆಮ್ಲಜನಕ ಸಿಕ್ಕುವಷ್ಟು ಹೊತ್ತು ಬಡಿಯುತ್ತದೆ. ಈ ಮೆದುಳುಕಾಂಡದ ಸಾವು ಭಾರತದಲ್ಲಿ ಕಾನೂನು ಒಪ್ಪಿದ ಸಾವು. ಹೃದಯ, ಎರಡು ಶ್ವಾಸಕೋಶ, ಎರಡು ಕಿಡ್ನಿ, ಲಿವರ್, ಮೇದೋಜೀರಕ ಗ್ರಂಥಿ, ಸಣ್ಣ ಕರುಳು ಎಲ್ಲವನ್ನೂ ಕೊಡಲು ಸಾಧ್ಯವಾಗುವುದು ಸಾಮಾನ್ಯವಾಗಿ ಇದರಲ್ಲೇ. 'ಒಬ್ಬರಿಂದ ಎಂಟು ಜನಕ್ಕೆ ಜೀವ' ಎಂಬ ಮಾತು ಬಂದದ್ದು ಈ ಪಟ್ಟಿಯಿಂದ.

ಸಾಮಾನ್ಯ ತಪ್ಪು: 'ಮನೆಯಲ್ಲಿ ಸತ್ತರೂ ಕಿಡ್ನಿ ತಗೋತಾರೆ' ಅಂದುಕೊಳ್ಳುವುದು. ತೆಗೆದುಕೊಳ್ಳಲು ಆಗುವುದಿಲ್ಲ. ಇನ್ನೊಂದು ತಪ್ಪು ಇದರ ತಿರುಗು: 'ನಮ್ಮ ತಾತ ಮನೆಯಲ್ಲೇ ಹೋದರು, ಇನ್ನೇನು ದಾನ' ಎಂದು ಕಣ್ಣನ್ನೂ ಬಿಟ್ಟುಬಿಡುವುದು.

ಹಂತ 2: ಏನೇನು ಕೊಡುತ್ತೀರಿ, ಈಗಲೇ ತೀರ್ಮಾನಿಸಿ

ಅರ್ಜಿಯಲ್ಲಿ ಅಂಗಗಳ ಪಟ್ಟಿ ಒಂದು, ಅಂಗಾಂಶಗಳ ಪಟ್ಟಿ ಇನ್ನೊಂದು. 'ಎಲ್ಲವೂ' ಎಂದು ಒಂದೇ ಗುರುತು ಹಾಕಬಹುದು, ಬೇಕಾದ್ದನ್ನಷ್ಟೇ ಆರಿಸಲೂಬಹುದು. ಎಲ್ಲ ಕೊಡುತ್ತೇನೆ, ಚರ್ಮ ಮಾತ್ರ ಬೇಡ ಅನ್ನಿಸಿದರೆ ಹಾಗೇ ಬರೆಯಿರಿ. ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಚರ್ಮದ ವಿಷಯಕ್ಕೆ ಬಂದರೆ, ತೊಡೆ, ಬೆನ್ನಿನಂಥ ಮುಚ್ಚಿಹೋಗುವ ಕಡೆಯಿಂದ ಮೇಲಿನ ತೆಳು ಪದರವನ್ನಷ್ಟೇ ತೆಗೆಯುತ್ತಾರೆ. ಸುಟ್ಟ ಗಾಯದ ರೋಗಿಗಳಿಗೆ ಅದು ತಾತ್ಕಾಲಿಕ ಹೊದಿಕೆಯಾಗುತ್ತದೆ. ಇದು ಗೊತ್ತಾದ ಮೇಲೆ 'ಬೇಡ' ಎಂದವರಲ್ಲಿ ಕೆಲವರು ಮನಸ್ಸು ಬದಲಿಸುತ್ತಾರೆ.

ದೇಹದಾನವನ್ನು ಇದರ ಜೊತೆ ಬೆರೆಸಬೇಡಿ. ಅದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಇಡೀ ದೇಹವನ್ನು ಕಲಿಕೆಗೆ ಕೊಡುವುದು. ಅರ್ಜಿ ಬೇರೆ, ಹೋಗುವ ಜಾಗವೂ ಬೇರೆ. ಅಂಗಗಳನ್ನು ತೆಗೆದ ದೇಹವನ್ನು, ಮರಣೋತ್ತರ ಪರೀಕ್ಷೆ ಆದ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ಕೊಟ್ಟಿದ್ದರೆ ಅಡ್ಡಿಯಿಲ್ಲ. ಎರಡಕ್ಕೂ ಹೆಸರು ಬರೆಸಬಹುದು, ಆದರೆ ಯಾವುದು ಮೊದಲು ಎಂದು ಮನೆಯವರಿಗೆ ಹೇಳಿಡಿ.

ಬದುಕಿರುವಾಗಲೇ ಕಿಡ್ನಿ ಅಥವಾ ಲಿವರ್‌ನ ಭಾಗ ಕೊಡುವುದು ಮೂರನೆಯ ಬಗೆ. ಅದಕ್ಕೂ ಈ ನೋಂದಣಿಗೂ ಸಂಬಂಧವಿಲ್ಲ. ಅಲ್ಲಿ ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಇಷ್ಟೇ 'ಹತ್ತಿರದ ಸಂಬಂಧಿ'. ಉಳಿದವರು ಕೊಡಬೇಕಾದರೆ ಅಧಿಕೃತ ಸಮಿತಿಯ ಅನುಮತಿ ಬೇಕು. ದುಡ್ಡಿಗೆ ಅಂಗ ಕೊಟ್ಟರೂ ಕೊಡಿಸಿದರೂ ಅಪರಾಧ: 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. 'ಕಿಡ್ನಿಗೆ ಇಷ್ಟು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ' ಎಂಬ ಸಂದೇಶ ಮೊಬೈಲ್‌ಗೆ ಬಂದರೆ ಅದು ಹಣ ಕೀಳುವ ಮೋಸ. ಉತ್ತರಿಸಲೇ ಬೇಡಿ.

ಹಂತ 3: ನೀವೇ ನಿಮ್ಮನ್ನು ತಿರಸ್ಕರಿಸಿಕೊಳ್ಳಬೇಡಿ

ವಯಸ್ಸು 18 ತುಂಬಿರಬೇಕು. ಅದು ಬಿಟ್ಟರೆ ಹೆಸರು ಬರೆಸಲು ವೈದ್ಯಕೀಯ ತಪಾಸಣೆ ಇಲ್ಲ. ಕನ್ನಡಕ, ಸಕ್ಕರೆ ಕಾಯಿಲೆ, ಬಿಪಿ, ಹಚ್ಚೆ, ಯಾವಾಗಲೋ ಆದ ಶಸ್ತ್ರಚಿಕಿತ್ಸೆ ಯಾವುದೂ ಅಡ್ಡಿಯಲ್ಲ. ಯಾವ ಅಂಗ ಯೋಗ್ಯ ಎಂದು ತೀರ್ಮಾನಿಸುವುದು ಆ ದಿನ, ಆ ರಕ್ತಪರೀಕ್ಷೆ ನೋಡಿದ ವೈದ್ಯರು. ಕಿಡ್ನಿ ಬೇಡವೆಂದರೂ ಕಾರ್ನಿಯಾ ಬೇಕಾಗಬಹುದು. ಹರಡಿದ ಕ್ಯಾನ್ಸರ್, ಎಚ್‌ಐವಿ, ರೇಬೀಸ್, ಹತೋಟಿಗೆ ಬಾರದ ಸೋಂಕು ಇಂಥವು ದಾನವನ್ನು ತಡೆಯುವ ಕಾರಣಗಳಲ್ಲಿ ಮುಖ್ಯವಾದವು. ಕಣ್ಣಿಗೆ ಲೇಸರ್ ಚಿಕಿತ್ಸೆ ಆಗಿದ್ದರೆ ಮನೆಯವರಿಗೆ ಹೇಳಿಡಿ, ನೇತ್ರಬ್ಯಾಂಕಿನವರು ಕೇಳುತ್ತಾರೆ.

18 ಆಗದವರು ಹೆಸರು ಬರೆಸುವಂತಿಲ್ಲ. ಆದರೆ ಅಪ್ಪ ಅಥವಾ ಅಮ್ಮ ಒಪ್ಪಿದರೆ ಅವರ ದಾನವೂ ನಡೆಯುತ್ತದೆ. ಅದಕ್ಕೆ ನಮೂನೆ 8 ಇದೆ. ಹದಿನಾರರ ಹುಡುಗಿಗೆ ಮನಸ್ಸಿದ್ದರೆ ಅವಳು ಮಾಡಬೇಕಾದ ಕೆಲಸ ಒಂದೇ, ಅಮ್ಮನ ಹತ್ತಿರ ಹೇಳುವುದು.

ಹಂತ 4: ಹೆಸರು ಬರೆಸುವುದು

ದಾರಿ ಮೂರು. ಮೊದಲನೆಯದು ನೊಟ್ಟೊ ಅಥವಾ ಜೀವಸಾರ್ಥಕತೆಯ ಜಾಲತಾಣ. ಆಧಾರ್ ಸಂಖ್ಯೆ ಕೊಟ್ಟು, ಅದಕ್ಕೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಹಾಕಿ, ಅಂಗ ಮತ್ತು ಅಂಗಾಂಶ ಆರಿಸಿದರೆ ಪ್ರಮಾಣಪತ್ರ ಸಿಗುತ್ತದೆ. ಎಡವುವುದು ಒಟಿಪಿಯಲ್ಲಿ: ಆಧಾರ್‌ಗೆ ಜೋಡಿಸಿದ್ದು ಹೈಸ್ಕೂಲಿನಲ್ಲಿದ್ದಾಗಿನ ಅಪ್ಪನ ನಂಬರ್ ಆಗಿರುತ್ತದೆ. ಮೊದಲು ಅದನ್ನು ಆಧಾರ್ ಕೇಂದ್ರದಲ್ಲಿ ಸರಿಮಾಡಿಸಿ. ಇಲ್ಲವೇ ಅಪ್ಪನನ್ನೇ ಒಟಿಪಿ ಕೇಳಿ. ಯಾವುದಕ್ಕೆ ಎಂದು ಅವರು ವಿಚಾರಿಸುತ್ತಾರೆ, ಆರನೇ ಹಂತ ಅಲ್ಲಿಗೇ ಶುರುವಾಗುತ್ತದೆ.

ಎರಡನೆಯದು ಕಾಗದ. ನಿಯಮಗಳ ನಮೂನೆ 7, ಅಂದರೆ ದಾನದ ವಾಗ್ದಾನ ಪತ್ರ. ಇದನ್ನು ಮುದ್ರಿಸಿಕೊಂಡು ತುಂಬಬೇಕು: ಹೆಸರು, ತಂದೆ ಅಥವಾ ತಾಯಿಯ ಹೆಸರು, ಜನ್ಮದಿನಾಂಕ, ವಿಳಾಸ, ಫೋನ್, ಗೊತ್ತಿದ್ದರೆ ರಕ್ತದ ಗುಂಪು, ಅಂಗ ಮತ್ತು ಅಂಗಾಂಶಗಳ ಆಯ್ಕೆ, ಸಹಿ. ಕೆಳಗೆ ಇಬ್ಬರು ಸಾಕ್ಷಿಗಳ ಸಹಿ. ಈ ಇಬ್ಬರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯೇ ಆಗಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕಾಲೇಜಿನ ಶಿಬಿರಗಳಲ್ಲಿ ಅರ್ಜಿ ಕೆಡುವುದು ಹೀಗೆ: ಪಕ್ಕದ ಬೆಂಚಿನ ಇಬ್ಬರು ಗೆಳೆಯರು ಪರಸ್ಪರ ಸಾಕ್ಷಿ ಹಾಕಿ ಮುಗಿಸುತ್ತಾರೆ. ಕಾನೂನಿನ ಕಣ್ಣಲ್ಲಿ ಅದು ಅರೆಬರೆ. ಶಿಬಿರದಲ್ಲಿ ತುಂಬಿದ ಅರ್ಜಿಯನ್ನು ಅಲ್ಲೇ ಕೊಟ್ಟು ಬರಬೇಡಿ. ಮನೆಗೆ ತಂದು ಅಮ್ಮನದೋ ಅಣ್ಣನದೋ ಸಹಿ ಹಾಕಿಸಿ ಆಮೇಲೆ ಕೊಡಿ. ಪ್ರತಿಗಳು ಮೂರು: ಒಂದು ಅಂಗಾಂಗ ಹಂಚಿಕೆಯ ಸಂಸ್ಥೆಗೆ, ಒಂದು ನೀವು ವಾಗ್ದಾನ ಮಾಡಿದ ಜಾಗಕ್ಕೆ, ಒಂದು ನಿಮಗೆ.

ಮೂರನೆಯದು ಡ್ರೈವಿಂಗ್ ಲೈಸೆನ್ಸ್. ಅರ್ಜಿ ಹಾಕುವಾಗ, ಅಪಘಾತದಲ್ಲಿ ಸಾವಾದರೆ ಅಂಗಾಂಗ ದಾನಕ್ಕೆ ಒಪ್ಪಿಗೆಯೇ ಎಂಬ ಪ್ರಶ್ನೆ ಬರುತ್ತದೆ. ಸೈಬರ್ ಸೆಂಟರ್‌ನವರು ತುಂಬಿದ್ದರೆ ಏನು ಗುರುತು ಹಾಕಿದ್ದಾರೋ ನೋಡಿಕೊಳ್ಳಿ. ಅಲ್ಲಿ ಸಂಬಂಧಿಕರ ಸಾಕ್ಷಿ ಇರುವುದಿಲ್ಲವಾದ್ದರಿಂದ ಅದನ್ನು ನಿಮ್ಮ ಇಷ್ಟದ ಇನ್ನೊಂದು ಗುರುತು ಎಂದು ಇಟ್ಟುಕೊಳ್ಳಿ. ನಮೂನೆ 7ರ ಬದಲಿಗೆ ಅಲ್ಲ.

ನಮ್ಮ ಸಲಹೆ: ಜಾಲತಾಣದಲ್ಲಿ ನೋಂದಾಯಿಸಿ, ಜೊತೆಗೆ ನಮೂನೆ 7ನ್ನೂ ಮನೆಯವರ ಸಹಿಯೊಂದಿಗೆ ತುಂಬಿಡಿ. ಒಂದು ಕಂಪ್ಯೂಟರ್‌ನಲ್ಲಿರುತ್ತದೆ, ಇನ್ನೊಂದರಲ್ಲಿ ಅಮ್ಮನದೇ ಕೈಬರಹ ಇರುತ್ತದೆ. ಐಸಿಯು ಹೊರಗೆ ಕೆಲಸಕ್ಕೆ ಬರುವುದು ಎರಡನೆಯದು. ಇದಕ್ಕೆಲ್ಲ ಶುಲ್ಕ ಇಲ್ಲ. ಸಂದೇಹವಿದ್ದರೆ ನೊಟ್ಟೊದ ಉಚಿತ ಸಹಾಯವಾಣಿ 1800114770ಕ್ಕೆ ಕರೆ ಮಾಡಬಹುದು.

ಹಂತ 5: ಮೆದುಳುಕಾಂಡದ ಸಾವನ್ನು ಹೇಗೆ ಖಚಿತಪಡಿಸುತ್ತಾರೆ

ಇದನ್ನು ನೀವು ಓದಿಕೊಳ್ಳಬೇಕಾದ್ದು ಮನೆಯವರಿಗೆ ವಿವರಿಸುವ ಸಲುವಾಗಿ. 'ಬದುಕಿರುವಾಗಲೇ ತೆಗೆದುಬಿಟ್ಟರೆ?' ಎಂಬ ಭಯಕ್ಕೆ 'ಹಾಗೆಲ್ಲ ಆಗಲ್ಲ ಬಿಡಿ' ಎಂಬ ಉತ್ತರ ಸಾಲದು.

ಪರೀಕ್ಷೆಗೆ ಮೊದಲೇ ಕೆಲವನ್ನು ತಳ್ಳಿಹಾಕಬೇಕು. ಕೋಮಾಕ್ಕೆ ಕಾರಣ ಏನೆಂದು ಗೊತ್ತಿರಬೇಕು. ನಿದ್ರೆ ಬರಿಸುವ ಅಥವಾ ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇರಬಾರದು. ಮೈ ತೀರಾ ತಣ್ಣಗಾಗಿರಬಾರದು. ಇವು ಇದ್ದರೆ ಬದುಕಿರುವ ಮೆದುಳೂ ಸತ್ತಂತೆ ಕಾಣಬಹುದು.

ಆಮೇಲೆ ಹಾಸಿಗೆಯ ಪಕ್ಕದ ಪರೀಕ್ಷೆಗಳು. ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಕುಗ್ಗಬಾರದು. ಕಣ್ಣಿನ ಮೇಲ್ಮೈಗೆ ಹತ್ತಿಯ ಎಳೆ ಮುಟ್ಟಿಸಿದರೆ ರೆಪ್ಪೆ ಮಿಟುಕಬಾರದು. ಕಿವಿಯೊಳಗೆ ಮಂಜಿನಷ್ಟು ತಣ್ಣನೆಯ ನೀರು ಹಾಕಿದರೆ ಕಣ್ಣುಗುಡ್ಡೆ ಅಲುಗಬಾರದು. ಗಂಟಲಿಗೆ ಕೊಳವೆ ತಾಗಿಸಿದರೆ ಓಕರಿಕೆಯಾಗಲಿ ಕೆಮ್ಮಾಗಲಿ ಬರಬಾರದು. ಕೊನೆಯದು ಉಸಿರಿನ ಪರೀಕ್ಷೆ: ಮೊದಲು ಶುದ್ಧ ಆಮ್ಲಜನಕ ಕೊಟ್ಟು, ವೆಂಟಿಲೇಟರ್ ಬಿಡಿಸಿ, ಎದೆಯನ್ನೇ ನೋಡುತ್ತ ನಿಲ್ಲುತ್ತಾರೆ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಒತ್ತಡ 60 ಮಿಲಿಮೀಟರ್ ಪಾದರಸ ಮುಟ್ಟಿದರೂ ಒಂದೇ ಒಂದು ಉಸಿರು ಬರದಿದ್ದರೆ, ಉಸಿರಾಡಿಸುವ ಕೇಂದ್ರ ಸತ್ತಿದೆ ಎಂದರ್ಥ. ಬದುಕಿರುವ ಮೆದುಳುಕಾಂಡ ಅಷ್ಟು ಹೊತ್ತು ಸುಮ್ಮನಿರಲಾರದು. ಉಸಿರು ಬಿಗಿಹಿಡಿದು ನೋಡಿದವರಿಗೆಲ್ಲ ಇದು ಗೊತ್ತು.

ಈ ಎಲ್ಲವನ್ನೂ ಕನಿಷ್ಠ 6 ಗಂಟೆ ಬಿಟ್ಟು ಮತ್ತೊಮ್ಮೆ ಮಾಡುತ್ತಾರೆ. ಸಹಿ ಹಾಕುವುದು ನಾಲ್ವರು ವೈದ್ಯರ ಮಂಡಳಿ: ಆಸ್ಪತ್ರೆಯ ಹೊಣೆ ಹೊತ್ತ ವೈದ್ಯರು, ಸರ್ಕಾರ ಒಪ್ಪಿದ ಪಟ್ಟಿಯ ಒಬ್ಬ ತಜ್ಞರು, ನರರೋಗ ತಜ್ಞರು ಅಥವಾ ನರಶಸ್ತ್ರಚಿಕಿತ್ಸಕರು, ಮತ್ತು ಚಿಕಿತ್ಸೆ ಕೊಡುತ್ತಿದ್ದ ವೈದ್ಯರು. ನರತಜ್ಞರು ಇಲ್ಲದ ಕಡೆ ಅರಿವಳಿಕೆ ಅಥವಾ ತೀವ್ರ ನಿಗಾ ತಜ್ಞರಂಥ ಬೇರೊಬ್ಬರು ಇರಬಹುದು. ಕಸಿ ಮಾಡುವ ತಂಡದವರು ಈ ನಾಲ್ವರಲ್ಲಿ ಇರುವಂತಿಲ್ಲ. ಅಪ್ಪನಿಗೆ ಹೇಳಬೇಕಾದ ಮುಖ್ಯ ಮಾತು ಇದು.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಡಿ, ಯಾಕೆಂದರೆ ಗೊತ್ತಿಲ್ಲದವರು ಕಂಡರೆ ಗಾಬರಿಯಾಗುತ್ತಾರೆ. ಮೆದುಳುಕಾಂಡ ಸತ್ತ ಮೇಲೂ ಬೆನ್ನುಹುರಿಯ ಪ್ರತಿವರ್ತನೆಯಿಂದ ಬೆರಳು ಅಲುಗಬಹುದು, ಅಪರೂಪಕ್ಕೆ ತೋಳೇ ಎದೆಯ ಕಡೆ ಮೇಲೇಳಬಹುದು. ಮೈ ಬೆಚ್ಚಗಿರುತ್ತದೆ, ಮಾನಿಟರ್‌ನಲ್ಲಿ ಗೆರೆ ಓಡುತ್ತಿರುತ್ತದೆ. 'ಕೋಮಾ' ಮತ್ತು 'ಮೆದುಳು ನಿಷ್ಕ್ರಿಯ' ಒಂದೇ ಎಂಬ ಮಾತು ಹರಡಿರುವುದು ಇದರಿಂದಲೇ. ಕೋಮಾದಲ್ಲಿ ಮೆದುಳಿನ ಒಂದಷ್ಟು ಭಾಗ ಬದುಕಿರುತ್ತದೆ, ಅಲ್ಲಿಂದ ಮರಳಿದವರಿದ್ದಾರೆ. ಮೇಲಿನ ಪರೀಕ್ಷೆಗಳೆಲ್ಲ ಎರಡು ಬಾರಿ ಸರಿಯಾಗಿ ನಡೆದ ಮೇಲೆ ಮರಳುವುದಿಲ್ಲ.

ಹಂತ 6: ಮನೆಯಲ್ಲಿ ಹೇಳುವುದು

ಬರೆಹದಲ್ಲಿ ಕೊಟ್ಟ ಒಪ್ಪಿಗೆಯನ್ನು ಗೌರವಿಸಬೇಕು ಎಂದೇ ಕಾಯ್ದೆ ಇದೆ. ನಡೆಯುವ ರೀತಿ ಬೇರೆ: ವಾಗ್ದಾನದ ಕಾರ್ಡ್ ಇರಲಿ ಇಲ್ಲದಿರಲಿ, ಆಸ್ಪತ್ರೆಯವರು ಮನೆಯವರನ್ನು ಕೇಳುತ್ತಾರೆ, ನಮೂನೆ 8ಕ್ಕೆ ಅವರ ಸಹಿ ತೆಗೆದುಕೊಳ್ಳುತ್ತಾರೆ. ಅವರು ಬೇಡ ಎಂದರೆ ನಿಮ್ಮ ಕಾರ್ಡ್ ಹಿಡಿದು ಯಾರೂ ಜಗಳಕ್ಕೆ ಹೋಗುವುದಿಲ್ಲ. ನಮೂನೆ 7ರ ಅಡಿಯಲ್ಲೇ ಇದನ್ನು ಒಪ್ಪಿಕೊಂಡು, ಮನೆಯವರೊಂದಿಗೆ ಮಾತಾಡಿ ಎಂದು ಬರೆದಿದೆ.

ಮೊದಲ ಬಾರಿ ಹೇಳಿದಾಗ ಬರುವ ಉತ್ತರ ನಿಮಗೂ ಗೊತ್ತು: 'ಬಿಡ್ತು ಅನ್ನು!' ಇದನ್ನು ವಿರೋಧ ಎಂದುಕೊಂಡು ವಾದಕ್ಕೆ ಇಳಿಯಬೇಡಿ. ಮಗ ಅಥವಾ ಮಗಳ ಸಾವಿನ ಚಿತ್ರ ಕಣ್ಣ ಮುಂದೆ ಬಂದ ತಾಯಿ ಅದನ್ನು ತಳ್ಳುತ್ತಿದ್ದಾಳೆ ಅಷ್ಟೇ. ಅಲ್ಲಿಗೆ ಬಿಡಿ, ಒಂದು ವಾರ ಬಿಟ್ಟು ಮತ್ತೆ ಎತ್ತಿ. ದಾರಿ ಸುಲಭವಾಗುವ ಸಮಯಗಳಿವೆ: ಪತ್ರಿಕೆಯಲ್ಲಿ ಝೀರೋ ಟ್ರಾಫಿಕ್‌ನಲ್ಲಿ ಹೃದಯ ಸಾಗಿಸಿದ ಸುದ್ದಿ ಬಂದ ದಿನ, ನೆಂಟರಲ್ಲಿ ಯಾರೋ ಡಯಾಲಿಸಿಸ್‌ಗೆ ಹೋಗುತ್ತಿರುವ ಮಾತು ಬಂದಾಗ, ಲೈಸೆನ್ಸ್ ಅರ್ಜಿ ತುಂಬುವಾಗ. ಹುಟ್ಟುಹಬ್ಬದ ದಿನ, ಹಬ್ಬದ ದಿನ, ಯಾರದೋ ಸಾವಿನ ಮನೆಯಲ್ಲಿ ಬೇಡ.

ನಿಮ್ಮ ಬಗ್ಗೆ ಮಾತ್ರ ಹೇಳುವ ಬದಲು ಅವರನ್ನೂ ಕೇಳಿ. 'ಅಪ್ಪಾ, ನಿಮಗೆ ಹಾಗೇನಾದರೂ ಆದರೆ ನಾನು ಏನು ಹೇಳಲಿ?' ಎಂದು ಕೇಳಿದಾಗ ಆ ಕುರ್ಚಿಯಲ್ಲಿ ಕೂರುವುದು ಎಷ್ಟು ಕಷ್ಟ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯುತ್ತದೆ. ಕೊನೆಗೆ ಒಂದೇ ವಾಕ್ಯ ಅವರ ಕಿವಿಯಲ್ಲಿ ಉಳಿಯಬೇಕು: 'ಡಾಕ್ಟರು ಬಂದು ಕೇಳಿದರೆ ಹೂಂ ಅನ್ನಿ, ನನಗೆ ಇಷ್ಟ ಇತ್ತು.'

ಅಜ್ಜಿಯರ ಹತ್ತಿರ ದಧೀಚಿಯ, ಬೇಡರ ಕಣ್ಣಪ್ಪನ ಕಥೆ ಹೇಳಿ ಎನ್ನುತ್ತಾರೆ. ಕಥೆ ಮಾತು ಶುರುಮಾಡಲು ಒಳ್ಳೆಯದು. ಆದರೆ ಅಜ್ಜಿ ಕೇಳುವುದು ಅದಲ್ಲ. 'ಮುಖ ನೋಡುವ ಹಾಗೆ ಇರುತ್ತಾ? ಎಷ್ಟು ಹೊತ್ತು ಇಟ್ಟುಕೊಳ್ತಾರೆ? ಸಂಸ್ಕಾರಕ್ಕೆ ಕೊಡ್ತಾರಾ?' ಇದಕ್ಕೆ ನೇರ ಉತ್ತರ ಕೊಡಿ. ಅಂಗ ತೆಗೆದ ಮೇಲೆ ಬೇರೆ ಶಸ್ತ್ರಚಿಕಿತ್ಸೆಯಂತೆಯೇ ಹೊಲಿಗೆ ಹಾಕುತ್ತಾರೆ. ಹೊಲಿಗೆ ಎದೆ ಹೊಟ್ಟೆಯ ಮೇಲೆ, ಬಟ್ಟೆಯೊಳಗೆ ಮುಚ್ಚಿಹೋಗುತ್ತದೆ. ಕಣ್ಣು ಕೊಟ್ಟರೂ ರೆಪ್ಪೆ ಮುಚ್ಚಿಸುತ್ತಾರೆ, ಗುಳಿ ಬೀಳುವುದಿಲ್ಲ. ದೇಹ ಮನೆಗೇ ಬರುತ್ತದೆ, ಸಂಸ್ಕಾರ ನಿಮ್ಮ ಪದ್ಧತಿಯಂತೆ ನಡೆಯುತ್ತದೆ. ತಡವಾಗುವುದು ನಿಜ: ಒಪ್ಪಿದ ಮೇಲೆ ಅರ್ಧ ದಿನ, ಕೆಲವೊಮ್ಮೆ ಒಂದು ದಿನ. ಅದನ್ನು ಮುಚ್ಚಿಡಬೇಡಿ, ಒಪ್ಪಿದ ಮನೆಯವರೂ ಆ ದಿನ ರೇಗುವುದು ಕಾಯುವಿಕೆಗೇ.

ಬೇರೆ ಊರಿನಲ್ಲಿ ಪಿಜಿ, ಹಾಸ್ಟೆಲ್‌ನಲ್ಲಿ ಇರುವವರು ಒಂದು ವಿಷಯ ಗಮನಿಸಿ. ಅಪಘಾತವಾದಾಗ ಮೊದಲು ಆಸ್ಪತ್ರೆಗೆ ಓಡಿ ಬರುವುದು ರೂಮ್‌ಮೇಟ್. ಅವರು ಸಹಿ ಹಾಕುವಂತಿಲ್ಲ, ಆದರೆ ನಿಮ್ಮ ಮನೆಯ ನಂಬರ್ ಅವರ ಹತ್ತಿರ ಇರಬೇಕು, ಕಾರ್ಡ್ ಎಲ್ಲಿದೆ ಎಂದು ಗೊತ್ತಿರಬೇಕು. ಮೊಬೈಲ್ ಲಾಕ್ ಆಗಿದ್ದರೂ ತೆರೆಯುವ ತುರ್ತು ಮಾಹಿತಿಯಲ್ಲಿ ಮನೆಯವರ ಸಂಖ್ಯೆ ಹಾಕಿ. ಮದುವೆಯಾದ ಮೇಲೆ ಈ ಮಾತುಕತೆಯನ್ನು ಮತ್ತೊಮ್ಮೆ ಮಾಡಬೇಕು. ಈಗ ಕುರ್ಚಿಯಲ್ಲಿ ಕೂರುವವರು ಬದಲಾಗಿದ್ದಾರೆ.

ಹಂತ 7: ಮನೆಯವರಿಗೆ ಬರೆದುಕೊಡಬೇಕಾದ ಚೀಟಿ

ಒಂದು ಹಾಳೆಯಲ್ಲಿ ಈ ಕೆಳಗಿನದ್ದನ್ನು ನಿಮ್ಮ ಕೈಯಲ್ಲೇ ಬರೆದು ನಮೂನೆ 7ರ ಜೊತೆ ಪಿನ್ ಮಾಡಿ. ಆ ಹೊತ್ತಿನಲ್ಲಿ ಅಂತರ್ಜಾಲ ಹುಡುಕುವ ಸ್ಥಿತಿ ಯಾರಿಗೂ ಇರುವುದಿಲ್ಲ.

ಕೇಳುವವರು ಯಾರು: ಚಿಕಿತ್ಸೆ ಕೊಡುವ ವೈದ್ಯರು ಮತ್ತು ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್, ಅಂದರೆ ಆಸ್ಪತ್ರೆ, ಮನೆಯವರು ಮತ್ತು ಹಂಚಿಕೆ ಸಂಸ್ಥೆಯ ನಡುವೆ ಓಡಾಡುವ ವ್ಯಕ್ತಿ. ಅವರು ಕೇಳದಿದ್ದರೆ ನೀವೇ ಅವರನ್ನು ಕೇಳಿ ಕರೆಸಿ.

ದುಡ್ಡು: ಒಪ್ಪಿಗೆಯ ನಂತರ ಅಂಗ ಕಾಪಾಡಲು ಮಾಡುವ ಆರೈಕೆ, ತೆಗೆಯುವ ಶಸ್ತ್ರಚಿಕಿತ್ಸೆ, ಸಾಗಣೆ ಯಾವುದರ ಖರ್ಚನ್ನೂ ದಾನಿಯ ಮನೆಯವರ ಮೇಲೆ ಹಾಕುವಂತಿಲ್ಲ. ಅದಕ್ಕೂ ಮೊದಲಿನ ಚಿಕಿತ್ಸೆಯ ಬಿಲ್ ಮಾತ್ರ ಬೇರೆ. ಎರಡೂ ಕಲಸಿಹೋಗಿ ಜಗಳವಾಗುವುದುಂಟು. ಆದ್ದರಿಂದ ಸಹಿ ಹಾಕುವಾಗ ಗಂಟೆ ನಿಮಿಷವನ್ನೂ ಬರೆಸಿ, ಬಿಲ್ ಅಲ್ಲಿಂದ ಬೇರ್ಪಡಲಿ.

ಪೊಲೀಸ್: ರಸ್ತೆ ಅಪಘಾತವಾಗಿದ್ದರೆ ಅದು ಪ್ರಕರಣ. ಪೊಲೀಸರ ಅನುಮತಿ, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆ ಆಗಲೇಬೇಕು. ಕೋಆರ್ಡಿನೇಟರ್ ಇದನ್ನೆಲ್ಲ ಜೋಡಿಸುತ್ತಾರೆ. ರಾತ್ರಿ ಮರಣೋತ್ತರ ಪರೀಕ್ಷೆ ಇಲ್ಲ ಎಂದು ಹಿಂದೆ ಬೆಳಗಿನವರೆಗೆ ಕಾಯಬೇಕಾಗುತ್ತಿತ್ತು. 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಸೌಕರ್ಯವಿರುವ ಕಡೆ ಸೂರ್ಯಾಸ್ತದ ನಂತರವೂ ಮಾಡಬಹುದು, ಅಂಗಾಂಗ ದಾನಕ್ಕೆ ಆದ್ಯತೆ ಕೊಡಬೇಕು ಎಂದು ಹೇಳಿದೆ.

ಅವಸರ ಯಾಕೆ: ತೆಗೆದ ಮೇಲೆ ಹೃದಯ ಮತ್ತು ಶ್ವಾಸಕೋಶ ತಾಳುವುದು 4ರಿಂದ 6 ಗಂಟೆ, ಲಿವರ್ ಸುಮಾರು 12 ಗಂಟೆ, ಕಿಡ್ನಿ ಒಂದು ದಿನ ಅಥವಾ ಸ್ವಲ್ಪ ಹೆಚ್ಚು. ಆಂಬುಲೆನ್ಸ್‌ಗೆ ರಸ್ತೆ ತೆರವು ಮಾಡಿಸುವುದು ಇದಕ್ಕೇ.

ಯಾರಿಗೆ ಹೋಗುತ್ತದೆ: ಕಾಯುತ್ತಿರುವವರ ಪಟ್ಟಿಯಂತೆ, ರಕ್ತದ ಗುಂಪು ಮತ್ತು ತುರ್ತು ನೋಡಿ. ಇಂಥವರಿಗೇ ಕೊಡಿ ಎಂದು ಮನೆಯವರು ಹೇಳುವಂತಿಲ್ಲ. ಪಡೆದವರ ಹೆಸರನ್ನೂ ಸಾಮಾನ್ಯವಾಗಿ ತಿಳಿಸುವುದಿಲ್ಲ.

ಹಂತ 8: ಮನೆಯಲ್ಲಿ ಸಾವಾದರೆ, ಕಣ್ಣಿಗಾಗಿ

ಇದು ನಿಮಗಿಂತ ನಿಮ್ಮ ಮನೆಯ ಹಿರಿಯರ ವಿಷಯದಲ್ಲಿ ಬೇಗ ಉಪಯೋಗಕ್ಕೆ ಬರಬಹುದು, ಆಗ ಓಡಾಡಬೇಕಾದವರು ನೀವು. ಹೆಸರು ಬರೆಸಿರದಿದ್ದರೂ ಮನೆಯವರು ಒಪ್ಪಿದರೆ ಸಾಕು.

ಸಾವಾದ 6 ಗಂಟೆಯೊಳಗೆ ಕಾರ್ನಿಯಾ ತೆಗೆಯಬೇಕು. ಕಪ್ಪುಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ತಿಳಿ ಪದರವೇ ಕಾರ್ನಿಯಾ. ಅದು ಒಣಗಿದರೆ ಮುಗಿಯಿತು. ಆದ್ದರಿಂದ ಮೊದಲು ಹತ್ತಿರದ ನೇತ್ರಬ್ಯಾಂಕಿಗೆ ಫೋನ್ ಮಾಡಿ. ನೆಂಟರಿಗೆ ತಿಳಿಸುವುದು ಆಮೇಲೆ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆಯ ಕೆಳಗೆ ದಿಂಬು ಕೊಟ್ಟು ಅರ್ಧ ಅಡಿಯಷ್ಟು ಎತ್ತರಿಸಿ. ಇಲ್ಲದಿದ್ದರೆ ಕಣ್ಣಿನ ಸುತ್ತ ರಕ್ತ ಇಳಿದು ಊದಿಕೊಳ್ಳುತ್ತದೆ. ಮೇಲಿನ ಫ್ಯಾನ್ ಆರಿಸಿ. ಎಸಿ ಇದ್ದರೆ ಹಾಕಬಹುದು. ಮರಣ ದೃಢೀಕರಿಸಿದ ವೈದ್ಯರ ಚೀಟಿ ಸಿದ್ಧವಿಟ್ಟುಕೊಳ್ಳಿ. ತಂಡದವರು ಬಂದು ಸ್ವಲ್ಪ ರಕ್ತದ ಮಾದರಿ ತೆಗೆದುಕೊಂಡು, ಸುಮಾರು 20 ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ.

ಒಂದು ಜೊತೆ ಕಣ್ಣು ಇಬ್ಬರಿಗೇ ಎಂದೇನಿಲ್ಲ. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬೇರ್ಪಡಿಸಿ, ಮುಂಭಾಗವನ್ನು ಇಬ್ಬರಿಗೆ, ಹಿಂಭಾಗವನ್ನು ಇನ್ನಿಬ್ಬರಿಗೆ ಕಸಿ ಮಾಡಿ ನಾಲ್ವರಿಗೆ ದೃಷ್ಟಿ ಕೊಟ್ಟರು.

ಹಂತ 9: ಕಾರ್ಡ್ ಎಲ್ಲಿರಬೇಕು, ಮನಸ್ಸು ಬದಲಾದರೆ ಏನು

ಕಾರ್ಡ್ ಪರ್ಸಿನಲ್ಲಿ ಲೈಸೆನ್ಸ್ ಜೊತೆ ಇರಲಿ, ಅದರ ಫೋಟೊ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರಲಿ. ಬೀರುವಿನ ಲಾಕರ್‌ನಲ್ಲಿ, ವಿಲ್ ಜೊತೆ ಲಕೋಟೆಯಲ್ಲಿ ಇಡಬೇಡಿ. ಲಕೋಟೆ ಒಡೆಯುವುದು ಹದಿಮೂರನೇ ದಿನದ ನಂತರ.

ವಾಗ್ದಾನವನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು, ನಮೂನೆ 7ರಲ್ಲೇ ಹಾಗೆಂದು ಇದೆ. ಜಾಲತಾಣದಲ್ಲಿ ನೋಂದಾಯಿಸಿದ್ದರೆ ಅಲ್ಲೇ ರದ್ದುಮಾಡಿ, ಕಾಗದದ ಪ್ರತಿ ಹರಿದುಹಾಕಿ, ಸಾಕ್ಷಿ ಹಾಕಿದವರಿಗೆ ಬಾಯಿಮಾತಿನಲ್ಲೂ ತಿಳಿಸಿ. ಪಟ್ಟಿಯಲ್ಲಿ ಒಂದೆರಡನ್ನು ಸೇರಿಸುವುದಾದರೂ ತೆಗೆಯುವುದಾದರೂ ಹಳೆಯದರ ಮೇಲೆ ಗೀಚಬೇಡಿ, ಹೊಸ ನಮೂನೆ ತುಂಬಿ ಹೊಸದಾಗಿ ಇಬ್ಬರ ಸಹಿ ಹಾಕಿಸಿ. ಫೋನ್ ನಂಬರ್ ಬದಲಾಯಿಸಿದ ದಿನ, ಬ್ಯಾಂಕಿಗೆ ತಿಳಿಸುವ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ.